ಕ್ರಿಸ್ಟಿಯ ಕೊಲೆಗಳು, ಕಾರ್ಕ್‌ನ ಕಾಗದಗಳು

ಇಚಲಕರಂಜಿಯ ಮಗ್ಗದ ಸದ್ದು ಯಡ್ರಾವದವರೆಗೂ ಹರಡಿದೆ. ಈ ಪವರ್‌ಲೂಮ್ ಸೀಮೆಯಲ್ಲಿ ಎರಡು ಬಗೆಯ ಮಗ್ಗದವರಿದ್ದಾರೆ. ಸ್ವಂತ ದುಡ್ಡಿನಲ್ಲಿ ನೂಲು ಕೊಂಡು, ಬಟ್ಟೆ ನೇಯ್ದು, ದರ ನೋಡಿ ಮಾರುವವರು ಒಂದು ಬಗೆ. ಇನ್ನೊಂದು ಬಗೆಯವರಿಗೆ ಇಲ್ಲಿ ‘ಖರ್ಚಿವಾಲಾ’ ಎನ್ನುತ್ತಾರೆ. ನೂಲು ವ್ಯಾಪಾರಿಯದು, ಬಟ್ಟೆಯೂ ಅವನದೇ. ಮಗ್ಗ ಮತ್ತು ದುಡಿಮೆ ಮಾತ್ರ ಖರ್ಚಿವಾಲಾನದು. ಮಜೂರಿ ಕೈಗೆ ಬಿದ್ದರೆ ಅಲ್ಲಿಗೆ ಲೆಕ್ಕ ಮುಗಿಯಿತು. ಆ ಬಟ್ಟೆ ಮುಂದೆ ಯಾವ ಪೇಟೆಗೆ ಹೋಯಿತು, ಎಷ್ಟಕ್ಕೆ ಹೋಯಿತು ಎಂದು ಕೇಳುವ ಹಕ್ಕು ಅವನಿಗಿಲ್ಲ.

ಬರೆಯುವವರ ಪಾಡೂ ಹೀಗೇ. ಪತ್ತೇದಾರಿ ಕಾದಂಬರಿಗಳ ರಾಣಿ ಅಗಾಥಾ ಕ್ರಿಸ್ಟಿ ಕೂಡ ಮೊದಲಿಗೆ ಹೆಚ್ಚುಕಡಿಮೆ ಖರ್ಚಿವಾಲಾ ಆಗಿಯೇ ಬರವಣಿಗೆಗೆ ಇಳಿದವರು. ಅಲ್ಲಿಂದ ಅವರನ್ನು ಮೇಲೆತ್ತಿದ್ದು ಎಡ್ಮಂಡ್ ಕಾರ್ಕ್ ಎಂಬ ಏಜೆಂಟ್. ಇಬ್ಬರ ನಡುವೆ ವರ್ಷಗಟ್ಟಲೆ ಓಡಾಡಿದ ವ್ಯವಹಾರದ ಕಾಗದಗಳು ಈಗ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಕರಾರು, ತೆರಿಗೆ, ಮುಖಪುಟ, ನಾಟಕ, ಸಿನಿಮಾ, ಅನುವಾದ ಎಲ್ಲವೂ ಅಲ್ಲಿದೆ. ಬರವಣಿಗೆ ಹೊಟ್ಟೆಪಾಡಾಗುವುದು ಹೇಗೆ ಎಂದು ತಿಳಿಯಬೇಕಾದವರು ಕಾದಂಬರಿಗಳ ಜೊತೆ ಈ ಕಾಗದಗಳ ಕತೆಯನ್ನೂ ಕೇಳಬೇಕು.

ಕ್ರಿಸ್ಟಿ 1916ರಲ್ಲಿ ಬರೆದ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಹಲವು ಪ್ರಕಾಶಕರ ಮೇಜಿನಿಂದ ವಾಪಸು ಬಂದಿತ್ತು. ಕೊನೆಗೆ ಬಾಡ್ಲಿ ಹೆಡ್ ಸಂಸ್ಥೆಯ ಜಾನ್ ಲೇನ್ ಒಪ್ಪಿಕೊಂಡರು. ಹೊಸ ಲೇಖಕಿ, ಪುಸ್ತಕ ಅಚ್ಚಾಗುತ್ತದೆಂಬ ಸಂತೋಷ. ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿದರು. ಅದರಲ್ಲಿದ್ದದ್ದು ಇಷ್ಟು: 2,000 ಪ್ರತಿ ಖರ್ಚಾಗುವ ತನಕ ಲೇಖಕಿಗೆ ಬಿಡಿಗಾಸಿಲ್ಲ, ಮುಂದಿನ ಐದು ಪುಸ್ತಕಗಳನ್ನೂ ಇದೇ ಪ್ರಕಾಶಕರಿಗೇ ಕೊಡಬೇಕು. ಆ ಮೊದಲ ಪುಸ್ತಕದಿಂದ ಅವರ ಕೈಸೇರಿದ್ದು 25 ಪೌಂಡ್. ಅದೂ ಪುಸ್ತಕ ಮಾರಿ ಬಂದ ಹಣವಲ್ಲ, ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದರಲ್ಲಿ ಅರ್ಧ ಪಾಲು.

ಎರಡು ಮೂರು ಪುಸ್ತಕ ಬಂದ ಮೇಲೆ ಅನುಮಾನ ಶುರುವಾಯಿತು. ಆಗ ಅವರು ಹೋದದ್ದು ಲಂಡನ್ನಿನ ‘ಹ್ಯೂಸ್ ಮ್ಯಾಸಿ’ ಏಜೆನ್ಸಿಗೆ. ಹುಡುಗಿಯಾಗಿದ್ದಾಗ ಒಮ್ಮೆ ಇದೇ ಬಾಗಿಲು ತಟ್ಟಿದ್ದರು. ಮ್ಯಾಸಿ ಹಸ್ತಪ್ರತಿಯನ್ನು ಹಿಂದಿರುಗಿಸಿದ್ದರು. ಈಗ ಮ್ಯಾಸಿ ತೀರಿಕೊಂಡಿದ್ದರು. ಎದುರಿಗೆ ಬಂದು ಕುಳಿತದ್ದು ಮಾತಿನಲ್ಲಿ ಕೊಂಚ ತಡವರಿಸುವ ಯುವಕ ಕಾರ್ಕ್. ಕರಾರಿನ ಷರತ್ತುಗಳನ್ನು ಕೇಳಿ ಅವರು ಗಾಬರಿಯಾದರು. ಆ ಗಾಬರಿಯೇ ಲೇಖಕಿಗೆ ಧೈರ್ಯ ತಂದಿತು ಎನ್ನಬೇಕು. ತನ್ನ ಪರವಾಗಿ ಒಬ್ಬರಾದರೂ ಗಾಬರಿಯಾಗುವವರು ಸಿಕ್ಕರಲ್ಲ!

ಕಾರ್ಕ್ ಹಳೆಯ ಕರಾರನ್ನು ಮುರಿಯಲು ಹೇಳಲಿಲ್ಲ. ಆರು ಪುಸ್ತಕಗಳ ಲೆಕ್ಕ 1925ರಲ್ಲಿ ಮುಗಿಯಿತು. ಅದಕ್ಕೆ ಮೊದಲೇ, 1924ರಲ್ಲಿ, ಕಾಲಿನ್ಸ್ ಸಂಸ್ಥೆಯೊಂದಿಗೆ ಮೂರು ಪುಸ್ತಕಗಳಿಗೆ ಮಾತಾಗಿತ್ತು: ಒಂದೊಂದಕ್ಕೂ 200 ಪೌಂಡ್ ಮುಂಗಡ. ಕಾಲಿನ್ಸ್‌ಗೆ ಸಿಕ್ಕ ಮೊದಲ ಪುಸ್ತಕವೇ 1926ರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’. ಅದು ದೊಡ್ಡ ಗದ್ದಲವನ್ನೇ ಎಬ್ಬಿಸಿತು. ಕ್ರಿಸ್ಟಿ ಕೊನೆಯವರೆಗೂ ಪತ್ತೇದಾರಿ ಕಾದಂಬರಿಗಳಿಗೆ ಆ ಪ್ರಕಾಶಕರನ್ನು ಬಿಡಲಿಲ್ಲ, ಕಾರ್ಕ್‌ರನ್ನಂತೂ ಬಿಡಲೇ ಇಲ್ಲ.

ಏಜೆಂಟ್ ಎಂದರೆ ನಮ್ಮ ಸೀಮೆಯವರಿಗೆ ಅಡತಿ ಅಂಗಡಿ ನೆನಪಾಗುತ್ತದೆ. ಕೊಲ್ಹಾಪುರದ ಪೇಟೆಯಲ್ಲಿ ರೈತನ ಬೆಲ್ಲ ಮಾರಿಸಿ ಕಮಿಷನ್ ಇಟ್ಟುಕೊಳ್ಳುವ ಅಡತ್ಯಾನಂತೆಯೇ ಸಾಹಿತ್ಯದ ಏಜೆಂಟನೂ ನೂರಕ್ಕೆ ಇಷ್ಟೆಂದು ತೆಗೆದುಕೊಳ್ಳುತ್ತಾನೆ. ಆದರೆ ಬೆಲ್ಲದ ಪೆಂಟೆ ಒಮ್ಮೆ ಮಾರಿದರೆ ಹೋಯಿತು. ಕಾದಂಬರಿ ಹಾಗಲ್ಲ. ಒಂದೇ ಕತೆಯನ್ನು ಇಂಗ್ಲೆಂಡಿನಲ್ಲಿ ಪುಸ್ತಕವಾಗಿ, ಅಮೆರಿಕದಲ್ಲಿ ಬೇರೆ ಪುಸ್ತಕವಾಗಿ, ಪತ್ರಿಕೆಗೆ ಧಾರಾವಾಹಿಯಾಗಿ, ರಂಗಕ್ಕೆ ನಾಟಕವಾಗಿ, ಸಿನಿಮಾಕ್ಕೆ, ರೇಡಿಯೋಗೆ, ಒಂದೊಂದು ಭಾಷೆಗೆ ಒಂದೊಂದು ಅನುವಾದವಾಗಿ ಬಿಡಿಬಿಡಿಯಾಗಿ ಕೊಡಬಹುದು. ಕೊಟ್ಟ ಮೇಲೂ ಬಟ್ಟೆಯ ಥಾನು ಲೇಖಕಿಯ ಮನೆಯಲ್ಲೇ ಇರುತ್ತದೆ! ‘ದಿ ಮ್ಯಾನ್ ಇನ್ ದಿ ಬ್ರೌನ್ ಸೂಟ್’ ಕಾದಂಬರಿಯ ಧಾರಾವಾಹಿ ಹಕ್ಕಿಗೆ ‘ಈವನಿಂಗ್ ನ್ಯೂಸ್’ ಪತ್ರಿಕೆ ಕೊಟ್ಟದ್ದು 500 ಪೌಂಡ್. ಆ ಹಣದಲ್ಲಿ ಕ್ರಿಸ್ಟಿ ಮಾರಿಸ್ ಕಾರು ಕೊಂಡರು.

ಎಲ್ಲ ಕಾಗದಗಳೂ ಸಂತೋಷದವಲ್ಲ. ಅಮೆರಿಕದಲ್ಲಿ ಅವರ ವ್ಯವಹಾರ ನೋಡುತ್ತಿದ್ದವರು ಹೆರಾಲ್ಡ್ ಓಬರ್. 1938ರಲ್ಲಿ ರಫೇಲ್ ಸಬಾಟಿನಿ ಎಂಬ ಇನ್ನೊಬ್ಬ ಕಾದಂಬರಿಕಾರರ ಮೊಕದ್ದಮೆಯಲ್ಲಿ ಅಮೆರಿಕದ ನ್ಯಾಯಾಲಯ ತೀರ್ಪು ಕೊಟ್ಟಿತು: ಹೊರದೇಶದ ಲೇಖಕರು ಅಲ್ಲಿ ಗಳಿಸಿದ್ದಕ್ಕೂ ತೆರಿಗೆ ಕಟ್ಟಬೇಕು. ಹಿಂದಿನ ವರ್ಷಗಳ ಲೆಕ್ಕವೂ ಕೆದಕಿ ಹೊರಬಂತು. ಅಷ್ಟರಲ್ಲಿ ಯುದ್ಧ. ಅಮೆರಿಕದ ಹಣ ಅಲ್ಲೇ ಸಿಕ್ಕಿಕೊಂಡಿತು. ಕೈಗೆ ಬಾರದ ಆ ಹಣಕ್ಕೂ ಇಂಗ್ಲೆಂಡಿನಲ್ಲಿ ತೆರಿಗೆ ಕೇಳಿದರು. ಲೋಕವೇ ಓದುತ್ತಿದ್ದ ಲೇಖಕಿ 1938ರಲ್ಲಷ್ಟೇ ಕೊಂಡಿದ್ದ ಗ್ರೀನ್‌ವೇ ಮನೆಯನ್ನು ಮಾರುವ ಯೋಚನೆ ಮಾಡಬೇಕಾಯಿತು. ಈ ಗಂಟು ಬಿಚ್ಚಿದ್ದು 1948ರಲ್ಲಿ. ಹತ್ತು ವರ್ಷ ಕಾರ್ಕ್ ಮತ್ತು ಓಬರ್ ಸಾಗರದ ಆಚೆ ಈಚೆ ಕುಳಿತು ಬರೆಯುತ್ತಲೇ ಇದ್ದರು. ಯಾರೂ ಓದದ, ಯಾರೂ ಹೊಗಳದ ಆ ಬರವಣಿಗೆಯ ಮರೆಯಲ್ಲೇ ಕ್ರಿಸ್ಟಿ ಯುದ್ಧಕಾಲದ ಅಷ್ಟೂ ಕಾದಂಬರಿಗಳನ್ನು ಬರೆದು ಮುಗಿಸಿದರು.

ಮುಖಪುಟದ ವಿಷಯದಲ್ಲಿ ಅವರು ಬಿಟ್ಟುಕೊಡುವವರಲ್ಲ. ತಮ್ಮ ಕಾದಂಬರಿಗಳ ಪತ್ತೇದಾರ ಪ್ವಾರೋನ ಮುಖವನ್ನು ಚಿತ್ರಿಸುವುದು ಅವರಿಗೆ ಸೇರುತ್ತಿರಲಿಲ್ಲ. ಅವನು ಹೇಗಿದ್ದಾನೆಂದು ಓದುಗರೇ ಕಲ್ಪಿಸಿಕೊಳ್ಳಲಿ ಎಂಬುದು ಅವರ ಹಟ. 1949ರಿಂದಾಚೆಗೆ ಪತಿ ಮ್ಯಾಕ್ಸ್ ಮ್ಯಾಲೋವನ್ ಜೊತೆ ಇರಾಕಿನ ನಿಮ್ರೂದ್ ಉತ್ಖನನದಲ್ಲಿ ತಿಂಗಳುಗಟ್ಟಲೆ ಕಳೆಯುತ್ತಿದ್ದಾಗಲೂ ಲಂಡನ್ನಿನ ಟಪಾಲು ಅವರ ಬೆನ್ನು ಬಿಡುತ್ತಿರಲಿಲ್ಲ.

‘ದಿ ಮೌಸ್‌ಟ್ರ್ಯಾಪ್’ ನಾಟಕದ ಕರಾರನ್ನಂತೂ ಹತ್ತಿರದಿಂದ ನೋಡಬೇಕು. 1952ರ ನವೆಂಬರ್ 25ರಂದು ಲಂಡನ್ನಿನಲ್ಲಿ ಶುರುವಾದ ಈ ನಾಟಕದ ಹಕ್ಕನ್ನು ಕ್ರಿಸ್ಟಿ ಮೊಮ್ಮಗ ಮ್ಯಾಥ್ಯೂಗೆ ಬರೆದುಕೊಟ್ಟಿದ್ದರು. ಹುಡುಗನಿಗೆ ಆಗ ಒಂಬತ್ತು ವರ್ಷ. ಸಿನಿಮಾ ಹಕ್ಕು ಕೊಡುವಾಗ ಒಂದು ಷರತ್ತು: ಲಂಡನ್ನಿನ ಪ್ರಯೋಗ ನಿಂತು ಆರು ತಿಂಗಳಾದ ಮೇಲಷ್ಟೇ ಚಿತ್ರ ಹೊರಬರಬೇಕು. ಹೆಚ್ಚೆಂದರೆ ಕೆಲವು ವರ್ಷ ಎಂದುಕೊಂಡಿದ್ದಿರಬೇಕು. 2020ರ ಕೊರೊನಾ ಕಾಲದಲ್ಲಿ ಬಾಗಿಲು ಹಾಕಿ 2021ರಲ್ಲಿ ಮತ್ತೆ ತೆರೆದದ್ದು ಬಿಟ್ಟರೆ ಆ ನಾಟಕ ನಡೆದುಕೊಂಡೇ ಬಂದಿದೆ. ಹಕ್ಕು ಕೊಂಡವರಿಗೆ ಸಿನಿಮಾ ತೆಗೆಯಲಾಗಲಿಲ್ಲ. ಅದೇ 1960ರಲ್ಲಿ ಎಂಜಿಎಂ ಕಂಪನಿಗೆ ಕೊಟ್ಟ ಹಕ್ಕಿನಲ್ಲಿ ಇಷ್ಟು ಬಿಗಿ ಇರಲಿಲ್ಲ. ಅವರ ಇನ್ನೊಂದು ಪತ್ತೇದಾರಿ ಪಾತ್ರವಾದ ಮಿಸ್ ಮಾರ್ಪಲ್ ಹೆಸರಿಟ್ಟುಕೊಂಡು, ಕ್ರಿಸ್ಟಿ ಬರೆಯದೇ ಇದ್ದ ಕತೆಯನ್ನು ‘ಮರ್ಡರ್ ಅಹೋಯ್’ ಎಂದು 1964ರಲ್ಲಿ ತೆರೆಗೆ ತಂದರು. ಲೇಖಕಿ ಬಹಳ ನೊಂದುಕೊಂಡರು. ಕಾರ್ಕ್‌ರಂಥವರು ಪಕ್ಕದಲ್ಲಿದ್ದೂ ಹೀಗಾಯಿತು.

ಇನ್ನು ಯಾರೂ ಪಕ್ಕದಲ್ಲಿ ಇಲ್ಲದವರ ಮಾತೇನು? ಕನ್ನಡದಲ್ಲಿ ಏಜೆಂಟನ ಕಸುಬು ಬೇರೂರಲಿಲ್ಲ. ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಕಟ್ಟಿ ತಾವೇ ಬರೆದರು, ತಾವೇ ಪ್ರಕಟಿಸಿದರು. ಗಳಗನಾಥರು ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿದರು. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯ ನಾಲ್ಕನೇ ಇಯತ್ತೆಯಷ್ಟೇ ಓದಿದವರು. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಕನ್ನಡಿಗರನ್ನು ರಾತ್ರಿಯಿಡೀ ಎಚ್ಚರವಿರಿಸಿ ಓದುವ ಚಟ ಹಿಡಿಸಿದರು. ಅಷ್ಟು ಪುಸ್ತಕಗಳಿಗೆ ಒಬ್ಬ ಕಾರ್ಕ್ ಇದ್ದಿದ್ದರೆ ಎಂದು ಮನಸ್ಸು ಹಳಹಳಿಸುತ್ತದೆ.

ಏಜೆಂಟ್ ಇಲ್ಲದಿದ್ದರೂ ಕಾನೂನು ಇದೆ, ಬರೆಯುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು. ಎಷ್ಟು ಕಾಲಕ್ಕೆ ಎಂದು ಕಾಗದದಲ್ಲಿ ಇಲ್ಲದಿದ್ದರೆ ಅದು ಐದೇ ವರ್ಷಕ್ಕೆ. ಯಾವ ಪ್ರದೇಶಕ್ಕೆ ಎಂದು ಇಲ್ಲದಿದ್ದರೆ ಭಾರತದೊಳಗೆ ಮಾತ್ರ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಉಳಿಯುತ್ತದೆ.

ಕಾರ್ಕ್‌ನ ಕಡತಗಳಿಂದ ಕನ್ನಡಕ್ಕೆ ಒಂದು ದಾರಿಯೂ ಇದೆ. ತೆರಿಗೆಯ ಹೊರೆ ತಡೆಯಲು 1955ರಲ್ಲಿ ‘ಅಗಾಥಾ ಕ್ರಿಸ್ಟಿ ಲಿಮಿಟೆಡ್’ ಕಂಪನಿ ಹುಟ್ಟಿತು. ಲೇಖಕಿ ತಮ್ಮದೇ ಹೆಸರಿನ ಕಂಪನಿಯಲ್ಲಿ ಸಂಬಳದ ನೌಕರರಾದರು. 1968ರಲ್ಲಿ ಅದರ ಶೇ. 51 ಪಾಲನ್ನು ಬೂಕರ್ ಕಂಪನಿ ಕೊಂಡಿತು. ಸಕ್ಕರೆ ವ್ಯಾಪಾರದಲ್ಲಿ ಬೆಳೆದಿದ್ದ ಆ ಕಂಪನಿ ಪ್ರಸಿದ್ಧ ಲೇಖಕರ ಹಕ್ಕು ಕೊಳ್ಳಲೆಂದೇ ಒಂದು ವಿಭಾಗ ತೆರೆದಿತ್ತು. ಪುಸ್ತಕದಿಂದ ಬಂದ ಲಾಭದಲ್ಲಿ ಸ್ವಲ್ಪವಾದರೂ ಪುಸ್ತಕಕ್ಕೇ ಹೋಗಲಿ ಎಂದು ಪ್ರಕಾಶಕರು ಕೇಳಿದ ಮೇಲೆ ಬೂಕರ್ ಪ್ರಶಸ್ತಿ ಹುಟ್ಟಿತು, 1969ರಲ್ಲಿ ಮೊದಲ ಬಾರಿ ಕೊಟ್ಟರು.

ಅದರ ಅಂತರರಾಷ್ಟ್ರೀಯ ಪ್ರಶಸ್ತಿ 2025ರ ಮೇ 20ರಂದು ಹಾಸನದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಬಂತು. ಕನ್ನಡದ ಹನ್ನೆರಡು ಕತೆಗಳು, ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಬಹುಮಾನದ 50,000 ಪೌಂಡ್ ಲೇಖಕಿಗೂ ಅನುವಾದಕಿಗೂ ಸಮಪಾಲು. ಹಾಗೆಂದು ಪ್ರಶಸ್ತಿಯ ನಿಯಮದಲ್ಲೇ ಬರೆದಿದೆ.