ಇಂಗ್ಲೆಂಡಿನ ತುದಿಯಲ್ಲೊಂದು ಬಿದಿರ ಕಣಿವೆ

ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ, ಮೆವಗಿಸ್ಸಿ ಎಂಬ ಮೀನುಗಾರರ ಊರಿಗೆ ಹತ್ತಿರವೇ ಹೆಲಿಗನ್ ಎಂಬ ಹಳೆಯ ಜಮೀನ್ದಾರಿ ತೋಟವಿದೆ. ತೋಟದ ಅಂಚಿನ ಕಡಿದಾದ ಕಣಿವೆಗೆ ಅಲ್ಲಿಯವರು ಇಟ್ಟಿರುವ ಹೆಸರೇ ‘ಜಂಗಲ್’. ಹಲಗೆ ಹಾಸಿದ ಕಾಲುದಾರಿಯಲ್ಲಿ ಇಳಿದಂತೆ ಎರಡೂ ಬದಿಯ ಬಿದಿರು ತಲೆಯ ಮೇಲೆ ಕೂಡಿಕೊಂಡು ಬೆಳಕನ್ನೇ ಮರೆಮಾಡುತ್ತದೆ. ಅದನ್ನು ದಾಟಿದರೆ ಬಾಳೆ, ಚೀನಾದ ತಾಳೆ, ಆಸ್ಟ್ರೇಲಿಯಾದ ಮರಜರಿ, ಒಂದೊಂದು ಎಲೆಯೂ ಒಂದೂವರೆ ಮೀಟರ್ ಅಗಲವಾಗುವ ಬ್ರೆಜಿಲ್‌ನ ಗುನ್ನೆರಾ. ಮಲೆನಾಡಿನಿಂದ ಹೋದವರಿಗೆ ದೂರದ ಊರಲ್ಲಿ ನೆಂಟರನ್ನು ಕಂಡಷ್ಟು ಸಂತೋಷ.

ಹೆಲಿಗನ್ ಇರುವುದು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅದೇ ಅಕ್ಷಾಂಶದ ಕೆನಡಾದ ವಿನಿಪೆಗ್‌ನಲ್ಲಿ ಜನವರಿಯ ರಾತ್ರಿ ತಾಪಮಾನ ಮೈನಸ್ 20ರ ಆಸುಪಾಸಿಗೆ ಇಳಿಯುತ್ತದೆ. ಕಾರ್ನ್‌ವಾಲ್ ಕರಾವಳಿಗೆ ಮಾತ್ರ ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದ ಆಸರೆಯಿದೆ. ಚಳಿಗಾಲದ ರಾತ್ರಿಯೂ ಸಾಮಾನ್ಯವಾಗಿ ಸೊನ್ನೆಗಿಂತ ಮೇಲೆಯೇ ಇರುತ್ತದೆ. ಮಳೆ ವರ್ಷಕ್ಕೆ ಸುಮಾರು 1000 ಮಿ.ಮೀ. ಆಗುಂಬೆಯ ಲೆಕ್ಕದಲ್ಲಿ ಅದು ಏನೇನೂ ಅಲ್ಲ. ಆದರೆ ಆಗುಂಬೆಯ ಮಳೆ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಕಾರ್ನ್‌ವಾಲ್‌ನದು ಹನ್ನೆರಡು ತಿಂಗಳಿಗೂ ಹಂಚಿಹೋಗುತ್ತದೆ. ಮಣ್ಣು ಒಣಗದು, ಗಾಳಿಯ ತೇವ ಆರದು. ಕಣಿವೆಯ ಗೋಡೆಗಳು ಕಡಲಗಾಳಿಯನ್ನೂ ತಡೆಯುತ್ತವೆ. ಈ ಗಿಡಗಳಿಗೆ ಬೇಕಾಗಿರುವುದು ಉರಿಬಿಸಿಲಲ್ಲ, ಹಿಮ ಕಡಿಯದ ಚಳಿಗಾಲ ಮತ್ತು ಬಿಡದ ತೇವ.

ನಮ್ಮ ಹೆಬ್ಬಿದಿರು ಅಲ್ಲಿ ಬದುಕುವುದು ಕಷ್ಟ. ಅಂಥ ಹವೆಗೆ ಒಗ್ಗುವ ದಪ್ಪ ಬಿದಿರು ಚೀನಾ ಮೂಲದ ಫಿಲ್ಲೋಸ್ಟಾಕಿಸ್ ಕುಲದ್ದು. ಗಳದ ಮೇಲೆ ಹೆಬ್ಬೆರಳು ಆಡಿಸಿದರೆ ಕವಲೊಡೆದ ಗೆಣ್ಣಿನ ಮೇಲೆ ಉದ್ದಕ್ಕೂ ಒಂದು ತಗ್ಗು ಸಿಗುತ್ತದೆ. ಆ ಕುಲದ ಗುರುತೇ ಅದು. ನಮ್ಮದರಂತೆ ಇದು ಒಂದೇ ಕಡೆ ಮೆಳೆ ಕಟ್ಟಿ ನಿಲ್ಲುವುದಿಲ್ಲ. ಇದರ ಬೇರುಕಾಂಡ ನೆಲದಡಿ ಹರಿದಾಡಿ, ನೆಟ್ಟ ಜಾಗದಿಂದ ಮೀಟರುಗಟ್ಟಲೆ ಆಚೆ ಕಳಲೆ ಎಬ್ಬಿಸುತ್ತದೆ. ಕಳಲೆ ಹೊರಡುವಾಗಲೇ ಗಳದ ಪೂರ್ತಿ ದಪ್ಪ ಹೊತ್ತು ಬರುತ್ತದೆ, ಕೆಲವೇ ವಾರಗಳಲ್ಲಿ ಪೂರ್ತಿ ಎತ್ತರಕ್ಕೂ ಏರುತ್ತದೆ. ಆ ಮೇಲೆ ಅದು ದಪ್ಪವೂ ಆಗದು, ಉದ್ದವೂ ಆಗದು. ಬೇರುಕಾಂಡ ಹೀಗೆ ಹರಿದಾಡುವುದರಿಂದ ಇದನ್ನು ಬೆಳೆಸುವವರು ಸುತ್ತ ಕಂದಕ ತೋಡುತ್ತಾರೆ ಅಥವಾ ದಪ್ಪ ಪ್ಲಾಸ್ಟಿಕ್ ತಡೆಯನ್ನು ಆಳಕ್ಕೆ ಹೂಳುತ್ತಾರೆ. ಅದರ ಜೊತೆಗೆ ವರ್ಷವರ್ಷವೂ ಹಳೆಯ ಗಳ ಕಡಿಯಬೇಕು, ಗಡಿ ದಾಟಿದ ಕಳಲೆ ಮುರಿಯಬೇಕು. ಮರಜರಿಯದು ಇನ್ನೊಂದು ಬಗೆಯ ಆರೈಕೆ. ಅದರ ಕಾಂಡ ಬಹುಪಾಲು ಬೇರುಗಳ ಹೆಣಿಗೆ. ನೀರು ಬುಡಕ್ಕಷ್ಟೇ ಅಲ್ಲ, ಕಾಂಡಕ್ಕೂ ಹಾಕಬೇಕು. ವಿಪರೀತ ಚಳಿ ಬಂದರೆ ನೆತ್ತಿಗೆ ಹುಲ್ಲು ತುಂಬಿ ಸುಳಿ ಕಾಯುತ್ತಾರೆ.

ಇಷ್ಟೆಲ್ಲ ಕೈಗೆಲಸ ನಿಂತರೆ ಏನಾಗುತ್ತದೆ ಎಂಬುದು ಹೆಲಿಗನ್‌ಗೆ ಚೆನ್ನಾಗಿ ಗೊತ್ತು. ಟ್ರೆಮೇನ್ ಮನೆತನ 400 ವರ್ಷ ಆಳಿದ ಈ ಎಸ್ಟೇಟಿನ ತೋಟದಲ್ಲಿ ಮೊದಲ ಮಹಾಯುದ್ಧಕ್ಕೆ ಮುಂಚೆ 22 ಮಂದಿ ದುಡಿಯುತ್ತಿದ್ದರು. 1914ರ ಆಗಸ್ಟ್‌ನಲ್ಲಿ ಅವರು ತಮ್ಮ ಶೌಚದ ಕೋಣೆಯ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಹೆಸರು ಬರೆದಿಟ್ಟರು. ಅವರಲ್ಲಿ ಹಲವರು ಯುದ್ಧದಿಂದ ಮರಳಲಿಲ್ಲ. ತೋಟವನ್ನು ಸಾಕಿದ್ದ ಅದೇ ಹದವಾದ ಹವೆ, ಅದೇ ಮಳೆ ಆಮೇಲೆ ಮುಳ್ಳುಪೊದೆ, ಬಳ್ಳಿಗಳನ್ನು ಸಾಕಿತು. ಗಾಜಿನ ಮನೆ, ಕಾಲುದಾರಿ ಎಲ್ಲವೂ ಮುಚ್ಚಿಹೋದವು. 1990ರಲ್ಲಿ ಟ್ರೆಮೇನ್ ವಂಶದ ಜಾನ್ ವಿಲ್ಲಿಸ್ ಜೊತೆ ಟಿಮ್ ಸ್ಮಿಟ್ ಎಂಬವರು ಪೊದೆ ಕಡಿದು ಒಳಹೊಕ್ಕಾಗಲೇ ಆ ಕೋಣೆಯ ಹೆಸರುಗಳು ಮತ್ತೆ ಬೆಳಕಿಗೆ ಬಂದದ್ದು. 1992ರಲ್ಲಿ ತೋಟ ಸಾರ್ವಜನಿಕರಿಗೆ ತೆರೆಯಿತು. ಬಿದಿರ ಸುರಂಗವನ್ನು ನೋಡಿ ಬೆರಗಾಗುವವರು ಆ ಗೋಡೆಯ ಮುಂದೆಯೂ ಒಂದು ಗಳಿಗೆ ನಿಲ್ಲಲೇಬೇಕು. ಆ ಹೆಸರುಗಳಿಲ್ಲದೆ ಈ ಕಣಿವೆಯ ಕಥೆ ಅರ್ಧ ಮಾತ್ರ.

ಬ್ರಿಟನ್ನಿನಲ್ಲಿರುವ ಕನ್ನಡಿಗರು, ಪ್ರವಾಸಕ್ಕೆ ಹೋಗುವವರು ಲಂಡನ್ನಿನ ಪ್ಯಾಡಿಂಗ್‌ಟನ್‌ನಲ್ಲಿ ರೈಲು ಹತ್ತಿ ಸೇಂಟ್ ಆಸ್ಟೆಲ್‌ನಲ್ಲಿ ಇಳಿಯಬೇಕು. ಅಲ್ಲಿಂದ ತೋಟಕ್ಕೆ ರಸ್ತೆ ದಾರಿ. ತೋಟದಲ್ಲಿರುವ ಹಿಮಾಲಯದ ರೋಡೋಡೆಂಡ್ರಾನ್‌ಗಳ ಹೂ ನೋಡಬೇಕೆಂದರೆ ಏಪ್ರಿಲ್, ಮೇ ತಿಂಗಳು ಒಳ್ಳೆಯದು. ಯಾವ ತಿಂಗಳು ಹೋದರೂ ಮಳೆಗೆ ಕೊಡೆ ಇರಲಿ, ಜಾರುವ ಇಳಿಜಾರಿಗೆ ಗಟ್ಟಿ ಹಿಡಿತದ ಬೂಟು ಇರಲಿ.