ಎಐಗಿಂತ ಮೊದಲು ವಹಿ ನೋಡಬೇಕಿತ್ತು

ಬಿಸಿಎ ಕೊನೆಯ ವರ್ಷದ ಪ್ರಾಜೆಕ್ಟ್‌ಗೆಂದು ನಮ್ಮೂರು ಗೊಳಸಂಗಿಯ ಗೊಬ್ಬರದ ಅಂಗಡಿಯೊಂದಕ್ಕೆ ಉದ್ರಿ ಲೆಕ್ಕದ ಆ್ಯಪ್ ಮಾಡಿದ್ದೆ. ಬಾಯಲ್ಲಿ ಹೇಳಿದರೆ ಸಾಕು, ಎಐ ಅದನ್ನು ರೈತರ ಖಾತೆಗೆ ಬರೆದುಕೊಳ್ಳುತ್ತಿತ್ತು. ಕಾಲೇಜಿನಲ್ಲಿ ಚಪ್ಪಾಳೆ ಸಿಕ್ಕಿತು. ಅಂಗಡಿಯಲ್ಲಿ ಎಂಟೇ ದಿನಕ್ಕೆ ಜಗಳ ಶುರುವಾಯಿತು.

ಗುಮಾಸ್ತ ಕಾಕಾ ‘ಇಪ್ಪತ್ತು ಕಿಲೋ’ ಎಂದದ್ದನ್ನು ಆ್ಯಪ್ ‘ಎಪ್ಪತ್ತು’ ಎಂದು ಕೇಳಿಸಿಕೊಂಡಿತ್ತು. ಸಾಲದೆಂಬಂತೆ ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಹಾಕಿತ್ತು. ‘ನಾ ಒಯ್ಯಲಾರದ್ದಕ್ಕ ರೊಕ್ಕ ಯಾಕ ಕೊಡ್ಲಿ?’ ಎಂದು ಆ ಹಿರಿಯರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ತಪ್ಪು ನನ್ನದೇ. ಕಾಕಾ ಸುಮ್ಮನೆ ಕೆಂಪು ವಹಿ ತೆರೆದರು.

ಆಮೇಲೆ ನಾಲ್ಕು ದಿನ ಲ್ಯಾಪ್‌ಟಾಪ್ ಬಿಟ್ಟು ಗಲ್ಲೆ ಪಕ್ಕದಲ್ಲಿ ಕುಳಿತೆ. ಕಾಕಾ ರೈತರನ್ನು ಗುರುತಿಸುವುದು ಹೆಸರಿನಿಂದಲ್ಲ, ಓಣಿಯಿಂದ, ಅಡ್ಡಹೆಸರಿನಿಂದ. ಬರೆದ ಮೇಲೆ ವಹಿಯನ್ನು ರೈತರ ಕಡೆ ತಿರುಗಿಸುತ್ತಾರೆ. ಅವರು ನೋಡಿ ‘ಹೂಂ’ ಅಂದ ಮೇಲೆಯೇ ಲೆಕ್ಕ ಗಟ್ಟಿ. ನನ್ನ ಆ್ಯಪ್‌ನಲ್ಲಿ ಆ ‘ಹೂಂ’ಗೆ ಜಾಗವೇ ಇರಲಿಲ್ಲ.

ನಮ್ಮ ರಾಜ್ಯದ ‘ಭೂಮಿ’ ಯೋಜನೆ ಇದನ್ನು ಎರಡು ದಶಕಗಳ ಹಿಂದೆಯೇ ಅರಿತಿತ್ತು. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಾಗ, ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ ಸಿಬ್ಬಂದಿಗೊಂದು ಪರದೆ, ಎದುರು ನಿಂತ ರೈತರಿಗೂ ಒಂದು ಪರದೆ ಇಡಲಾಗಿತ್ತು. ತನ್ನ ದಾಖಲೆಯಲ್ಲಿ ಏನು ನಡೆಯುತ್ತಿದೆ ಎಂದು ರೈತ ನೋಡಬಹುದಿತ್ತು. 15 ರೂಪಾಯಿಗೆ ಪಹಣಿ ಸಿಗುತ್ತಿದ್ದ ಆ ದಿನಗಳಲ್ಲಿ ಎಐ ಮಾತೇ ಇರಲಿಲ್ಲ.

ಕೊನೆಯ ದಿನ ಕಾಕಾನಿಗೆ, ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: ‘ನಿಮಗ ತ್ರಾಸ ಆಗೋದು ಯಾವುದು?’ ಅವರೆಂದರು, ‘ಬರೆಯೋದು ಭಾರ ಅಲ್ಲ ತಮ್ಮಾ, ತೊಗರಿ ಸುಗ್ಗಿಗೆ ಎಲ್ಲಾರ ಲೆಕ್ಕ ಕೂಡಿಸೋದು ಭಾರ. ರಾತ್ರಿಗಟ್ಟಲೆ ಕೂಡಬೇಕು.’

ನಾನು ಧ್ವನಿಯ ಭಾಗವನ್ನೇ ತೆಗೆದೆ. ಈಗ ಹಗಲು ವಹಿಯೇ ನಡೆಯುತ್ತದೆ. ಸಂಜೆ ಕಾಕಾ ಅಂದಿನ ಹತ್ತಿಪ್ಪತ್ತು ಸಾಲುಗಳನ್ನು ಓಣಿ ಆರಿಸಿ ತುಂಬುತ್ತಾರೆ; ಕೂಡಿಸುವುದು, ಬಾಕಿ ತೋರಿಸುವುದು ಆ್ಯಪ್‌ನ ಕೆಲಸ. ಕರೆಂಟ್ ಹೋದರೂ ಮೊಬೈಲ್‌ನಲ್ಲಿ ನಡೆಯುತ್ತದೆ. ಪ್ರಾಜೆಕ್ಟಿನ ಹೊಳಪು ಕಡಿಮೆಯಾಯಿತು, ಆದರೆ ಈ ಸುಗ್ಗಿಗೆ ಕಾಕಾ ಹೊತ್ತಿಗೆ ಸರಿಯಾಗಿ ಮನೆಗೆ ಹೋದರು.

ಗೆಳೆಯರೇ, ಸಂದರ್ಶನದಲ್ಲಿ ‘ಯಾವ ಟೂಲ್ ಗೊತ್ತು?’ ಎಂದು ಕೇಳುತ್ತಾರೆ. ಹೇಳೋಣ. ಜೊತೆಗೆ, ಅದು ಯಾರ ಯಾವ ಭಾರ ಇಳಿಸಿತು ಎಂದೂ ಹೇಳುವಂತಿರೋಣ.