ಒಗನೆಸಾನ್: ಏಳನೇ ಸಾಲಿನ ಕೊನೆಯ ಧಾತು

ಆವರ್ತಕ ಕೋಷ್ಟಕದ 118ನೇ ಧಾತು ಒಗನೆಸಾನ್. ಈವರೆಗೆ ಮಾನ್ಯತೆ ಪಡೆದ ಧಾತುಗಳಲ್ಲಿ ಇದರ ಪರಮಾಣು ಸಂಖ್ಯೆಯೇ ಅತಿ ದೊಡ್ಡದು. ಇದು ನಿಸರ್ಗದಲ್ಲಿ ಸಿಗುವುದಿಲ್ಲ. ರಷ್ಯಾದ ದುಬ್ನಾ ಪರಮಾಣು ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ವಿಜ್ಞಾನಿಗಳು ಇದನ್ನು ಜೊತೆಯಾಗಿ ಸೃಷ್ಟಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂಡದ ಮುಂದಾಳು ಯೂರಿ ಒಗನೆಸಿಯನ್ ಅವರ ಹೆಸರು 2016ರ ನವೆಂಬರ್‌ನಲ್ಲಿ ಈ ಧಾತುವಿಗೆ ಅಧಿಕೃತವಾಯಿತು.

ಸೃಷ್ಟಿಯ ಲೆಕ್ಕ ನೇರವಾದದ್ದು. ಕ್ಯಾಲ್ಸಿಯಂನಲ್ಲಿ 20 ಪ್ರೋಟಾನ್, ಕ್ಯಾಲಿಫೋರ್ನಿಯಂನಲ್ಲಿ 98, ಕೂಡಿದರೆ 118. ಕ್ಯಾಲ್ಸಿಯಂ-48 ಅಯಾನುಗಳನ್ನು ವೇಗೋತ್ಕರ್ಷಕದಲ್ಲಿ ಓಡಿಸಿ ಕ್ಯಾಲಿಫೋರ್ನಿಯಂ-249ರ ತೆಳು ಪದರಕ್ಕೆ ತಿಂಗಳುಗಟ್ಟಲೆ ಅಪ್ಪಳಿಸಲಾಯಿತು. ಎರಡು ಬೀಜಕೇಂದ್ರಗಳು ಬೆಸೆದುಕೊಂಡು ಮೂರು ನ್ಯೂಟ್ರಾನ್‌ಗಳು ಹೊರಬಿದ್ದಾಗ ಉಳಿದದ್ದು ಒಗನೆಸಾನ್-294. ಬೆಸುಗೆ ಎಷ್ಟು ಅಪರೂಪವೆಂದರೆ, ಈವರೆಗೆ ಪತ್ತೆಯಾದ ಪರಮಾಣುಗಳನ್ನು ಬೆರಳೆಣಿಕೆಯಲ್ಲೇ ಹೇಳಬಹುದು.

ಇದರ ಅರ್ಧಾಯು ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಆಲ್ಫಾ ಕಣ ಹೊರಸೂಸಿ ಇದು ಲಿವರ್‌ಮೋರಿಯಂ-290 ಆಗುತ್ತದೆ, ಅದು ಫ್ಲೆರೋವಿಯಂ-286 ಆಗುತ್ತದೆ. ಮುಂದೆ ಸರಪಳಿ ವಿದಳನದಲ್ಲಿ ಮುಗಿಯುತ್ತದೆ. ಪತ್ತೆಕಾರಕದಲ್ಲಿ ಇದೇ ಕ್ರಮದಲ್ಲಿ ದಾಖಲಾಗುವ ಸಂಕೇತಗಳೇ ಒಗನೆಸಾನ್ ಹುಟ್ಟಿತ್ತೆಂಬುದಕ್ಕೆ ಸಾಕ್ಷಿ.

ಇಷ್ಟು ಅಲ್ಪಾಯುವಿನ ಧಾತುವಿನ ರಾಸಾಯನಿಕ ಗುಣಗಳನ್ನು ಪ್ರಯೋಗದಿಂದ ಅರಿಯಲು ಇನ್ನೂ ಸಾಧ್ಯವಾಗಿಲ್ಲ. ಗೊತ್ತಿರುವುದೆಲ್ಲ ಸೈದ್ಧಾಂತಿಕ ಲೆಕ್ಕಾಚಾರ. ಹೀಲಿಯಂ, ನಿಯಾನ್‌ಗಳ ಗುಂಪಿಗೇ ಸೇರಿದರೂ ಇದು ಅನಿಲವಾಗಿರಲಾರದು. 118 ಪ್ರೋಟಾನ್‌ಗಳ ಸೆಳೆತಕ್ಕೆ ಒಳಗಿನ ಇಲೆಕ್ಟ್ರಾನ್‌ಗಳು ಬೆಳಕಿನ ವೇಗದ ಗಣನೀಯ ಪಾಲಿನಷ್ಟು ವೇಗದಲ್ಲಿ ಚಲಿಸುತ್ತವೆ. ಆಗ ಸಾಪೇಕ್ಷತಾ ಪರಿಣಾಮಗಳಿಂದ ಹೊರಕವಚದ ರಚನೆಯೂ ಬದಲಾಗಿ, ಅಲ್ಲಿನ ಕೆಲವು ಇಲೆಕ್ಟ್ರಾನ್‌ಗಳ ಹಿಡಿತ ಸಡಿಲಗೊಳ್ಳುತ್ತದೆ. ಇದೇ ಗುಂಪಿನ ರೇಡಾನ್ ಮೈನಸ್ 62 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದರೆ, ಒಗನೆಸಾನ್ ಸುಮಾರು 50 ಡಿಗ್ರಿಯವರೆಗೂ ಘನವಾಗಿದ್ದು, ಅರೆವಾಹಕದಂತೆ ವರ್ತಿಸಬಹುದೆಂದು ಲೆಕ್ಕ ಹೇಳುತ್ತದೆ.

ಇನ್ನೂ ಭಾರದ ಧಾತುಗಳ ಕುರಿತ ಲೆಕ್ಕಾಚಾರಕ್ಕೆ ಕರ್ನಾಟಕದ ಕೊಡುಗೆಯೂ ಇದೆ. ಕೋಲಾರದ ಸರ್ಕಾರಿ ಮಹಿಳಾ ಕಾಲೇಜಿನ ಭೌತವಿಜ್ಞಾನಿ ಎಚ್.ಸಿ. ಮಂಜುನಾಥ 126ನೇ ಧಾತುವಿನ ಆಲ್ಫಾ ಕ್ಷಯವನ್ನು ಕುರಿತು 2016ರಲ್ಲಿ ‘ನ್ಯೂಕ್ಲಿಯರ್ ಫಿಸಿಕ್ಸ್ ಎ’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಯಾವ ಸಮಸ್ಥಾನಿ ಎಷ್ಟು ಕಾಲ ಉಳಿದೀತು ಎಂಬ ಇಂಥ ಅಂದಾಜು ಪ್ರಯೋಗಕ್ಕೆ ದಿಕ್ಕು ತೋರಿಸುತ್ತದೆ.

ಕ್ಯಾಲಿಫೋರ್ನಿಯಂಗಿಂತ ಭಾರದ ಗುರಿವಸ್ತು ಸಾಕಷ್ಟು ಪ್ರಮಾಣದಲ್ಲಿ ಸಿಗದ ಕಾರಣ ಈಗ ಕ್ಯಾಲ್ಸಿಯಂ ಬದಲು ಟೈಟಾನಿಯಂನಂಥ ಭಾರದ ಅಯಾನುಗಳನ್ನು ಬಳಸಲಾಗುತ್ತಿದೆ. 2024ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯ ಟೈಟಾನಿಯಂ-50ರಿಂದ ಲಿವರ್‌ಮೋರಿಯಂನ ಎರಡು ಪರಮಾಣುಗಳನ್ನು 22 ದಿನಗಳಲ್ಲಿ ಪಡೆದು, ಈ ದಾರಿ ಸಾಧ್ಯವೆಂದು ತೋರಿಸಿತು. 119ನೇ ಧಾತು ಸಿಕ್ಕರೆ ಆವರ್ತಕ ಕೋಷ್ಟಕದಲ್ಲಿ ಎಂಟನೇ ಸಾಲು ಆರಂಭವಾಗುತ್ತದೆ.